ತಿದ್ದಿದ್ದು ನಾನಲ್ಲ, ತಿದ್ದುಪಡಿ ಆಯ್ತು

ನಮ್ಮ ಮನೆಯಲ್ಲಿ ನಾನು ಮಾಡಿದ ತಪ್ಪು ಎಂಬುದು ಒಂದೂ ಇರಲಿಲ್ಲ. ಆದ ತಪ್ಪುಗಳು ಮಾತ್ರ ಬೇಕಾದಷ್ಟಿದ್ದವು. ಹಾಲು ಉಕ್ಕಿತು, ಲೋಟ ಬಿತ್ತು, ಬೀಗದ ಕೈ ಕಳೆದುಹೋಯಿತು, ಕುಂಡದ ಗಿಡ ಒಣಗಿತು, ಅತ್ತೆಯ ಮಾತ್ರೆ ತರುವುದು ಮರೆತುಹೋಯಿತು. ಗಮನವಿಟ್ಟು ನೋಡಿ, ಇಷ್ಟರಲ್ಲಿ ಎಲ್ಲಿಯೂ ನಾನಿಲ್ಲ. ಲೋಟ ತಾನಾಗಿ ಬಿತ್ತು. ಅದರ ಪಕ್ಕದಲ್ಲಿ ಮೊಣಕೈ ಚಾಚಿಕೊಂಡು ಕೂತಿದ್ದವನು ನಾನು, ಅಷ್ಟೆ. ಮದುವೆಯಾದ ಇಪ್ಪತ್ತಮೂರು ವರ್ಷಗಳಿಂದ ನನ್ನ ಹೆಂಡತಿಗೆ ಇದೊಂದೇ ಕೊರಗು. "ನಿಮ್ಮ ಬಾಯಲ್ಲಿ ಆಯ್ತು, ಹೋಯ್ತು, ಬಿತ್ತು ಬಿಟ್ರೆ ಬೇರೆ ಮಾತೇ ಇಲ್ಲ. ಒಂದೇ ಒಂದು ಸಲ 'ಮಾಡಿದೆ' ಅನ್ನಿ, ಕಿವಿತುಂಬ ಕೇಳಿಸಿಕೊಳ್ತೀನಿ" ಎನ್ನುತ್ತಿದ್ದಳು. ಭಾಷೆಯೇ ಹಾಗಿದೆ, ಅದಕ್ಕೆ ನನ್ನನ್ನು ಯಾಕೆ ಬಯ್ಯುತ್ತೀ ಎಂದು ನಾನು ಜಾರಿಕೊಳ್ಳುತ್ತಿದ್ದೆ. (ಜಾರಿಕೊಳ್ಳುತ್ತಿದ್ದೆ ಎಂದು ಈಗ ಹೇಳುತ್ತಿದ್ದೇನೆ. ಆಗ ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದೆ.)

ನನ್ನ ಕೆಲಸ ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವರಲ್ಲಿ ನಾನೂ ಒಬ್ಬ. ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು ಇರುತ್ತದೆ. ಅದಕ್ಕೆ ಹಗಲು, ಸಂಜೆ, ಭಾನುವಾರ ಎಂಬ ಭೇದವಿಲ್ಲ. ಔಷಧಿ ಬಾಟಲಿಯ ಚೀಟಿ ತಿದ್ದಿದ್ದೇನೆ. ಬಸ್ಸಿನೊಳಗೆ 'ಧೂಮಪಾನ ನಿಷೇದಿಸಿದೆ' ಎಂದಿದ್ದದ್ದನ್ನು, ಸೀಟಿನ ಮೇಲೆ ನಿಂತು, ನಿರ್ವಾಹಕನಿಂದ ಬೈಸಿಕೊಂಡು ತಿದ್ದಿದ್ದೇನೆ. ಮದುವೆ ಗೊತ್ತಾದ ಹೊಸದರಲ್ಲಿ ಈ ನನ್ನ ಹೆಂಡತಿ ಎರಡು ಹಾಳೆಯ ಕಾಗದ ಬರೆದಿದ್ದಳು. ಓದಿ ನನಗೆ ಕಣ್ಣು ತುಂಬಿ ಬಂತು, ನಿಜ. ಆದರೂ ಕೈ ಸುಮ್ಮನಿರಬೇಕಲ್ಲ. ಹದಿನಾಲ್ಕು ಕಡೆ ತಿದ್ದಿ, ಅಂಚಿನಲ್ಲಿ ಗುರುತು ಹಾಕಿ, 'ಭಾವ ಚೆನ್ನಾಗಿದೆ, ಒತ್ತಕ್ಷರದ ಕಡೆ ಗಮನವಿರಲಿ' ಎಂದು ಬರೆದು ವಾಪಸು ಕಳಿಸಿದ್ದೆ. ಆಮೇಲೆ ಎರಡು ತಿಂಗಳು ಆ ಕಡೆಯಿಂದ ಒಂದಕ್ಷರ ಬರಲಿಲ್ಲ. ಅಷ್ಟಾದ ಮೇಲೂ ಆಕೆ ನನ್ನನ್ನು ಮದುವೆಯಾದಳೆಂದರೆ ಅವಳ ಸಹನೆಯನ್ನು ನೀವೇ ಅಂದಾಜು ಮಾಡಿ.

ಹೀಗಿರುವಾಗ ನಮ್ಮ ಅಚ್ಚುಕೂಟಕ್ಕೆ ಒಂದು ಪುಸ್ತಕ ಬಂತು. ನಿವೃತ್ತ ಮೇಷ್ಟ್ರೊಬ್ಬರು ಹನ್ನೆರಡು ವರ್ಷ ಕೂತು ಬರೆದದ್ದು. ಬೌದ್ಧರ ಶೂನ್ಯತೆಯ ಮೇಲೆ ನಾನೂರ ಚಿಲ್ಲರೆ ಪುಟ. ಅದರಲ್ಲಿ ಪುಟಕ್ಕೆರಡು ಸಲ 'ಪ್ರತೀತ್ಯಸಮುತ್ಪಾದ' ಎಂಬ ಪದ. ನಮ್ಮಲ್ಲಿ ಅಕ್ಷರ ಜೋಡಿಸುವಾಕೆ ಅದನ್ನು ಹನ್ನೊಂದು ಬಗೆಯಾಗಿ ಜೋಡಿಸಿದ್ದಳು. ಒಂದೊಂದನ್ನೂ ತಿದ್ದುತ್ತ ಹೋದವನಿಗೆ ಮೂರನೇ ಕರಡಿನ ಹೊತ್ತಿಗೆ ಅರ್ಥವೂ ತಲೆಗೆ ಹತ್ತಿತು. ಅರ್ಥ ಇಷ್ಟೇ: ಜಗತ್ತಿನಲ್ಲಿ ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಒಂದನ್ನು ಆತುಕೊಂಡು ಇನ್ನೊಂದು ಹುಟ್ಟುತ್ತದೆ. ಮೇಜು ಎಂದರೆ ಮರ, ಮೊಳೆ, ಬಡಗಿಯ ಕೈ, ಆ ಮರಕ್ಕೆ ಬಿದ್ದ ಬಿಸಿಲು ಮಳೆ. ಇವನ್ನೆಲ್ಲ ಒಂದೊಂದಾಗಿ ತೆಗೆದಿಟ್ಟರೆ ಮೇಜು ಎಂಬ ಬೇರೆ ಸಾಮಾನು ಉಳಿಯುವುದಿಲ್ಲ. ಹಾಗೆಂದು ಮೇಜು ಇಲ್ಲ ಎಂದಲ್ಲ, ಅದರ ಮೇಲೆ ತಟ್ಟೆ ಇಟ್ಟು ಉಣ್ಣಬಹುದು. ತಾನೇ ತಾನಾಗಿ ಇಲ್ಲ ಎಂದಷ್ಟೇ. ಇದಕ್ಕೆ ಶೂನ್ಯ ಎನ್ನುತ್ತಾರೆ. 'ನಾನು' ಎಂಬುದೂ ಇದೇ ತರಹದ್ದು ಎಂದು ಎಂಟನೇ ಅಧ್ಯಾಯದಲ್ಲಿ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಇಪ್ಪತ್ತಮೂರು ವರ್ಷ ಮನೆಯಲ್ಲಿ ಬೈಸಿಕೊಂಡ ನನ್ನ ವ್ಯಾಕರಣಕ್ಕೆ ಇಷ್ಟು ದೊಡ್ಡ ಮಹಾಯಾನದ ಆಸರೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಅಂದು ಸಂಜೆಯೇ ಮನೆಯಲ್ಲಿ ಧರ್ಮಚಕ್ರ ಪ್ರವರ್ತನೆ ಮಾಡಿದೆ. ಕೇಳುಗರು ಇಬ್ಬರು: ನಡುಮನೆಯ ಮಂಚದ ಮೇಲೆ ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿಯ ತಾಯಿ, ಹೊಲಿಗೆ ಯಂತ್ರದ ಮುಂದೆ ನನ್ನ ಹೆಂಡತಿ. ಅತ್ತೆ ಕೊನೆಯವರೆಗೂ ಕೇಳಿ, ಶೂನ್ಯ ಅಂದ್ರೆ ಸೊನ್ನೆ ತಾನೆ ಎಂದರು. ಹೆಚ್ಚೂಕಡಿಮೆ ಹೌದು ಎಂದೆ. "ಅದನ್ನ ತಿಳ್ಕೊಳ್ಳೋಕೆ ನಾನೂರು ಪುಟ ಬೇಕಾಯ್ತಾ ಅಳಿಯಂದ್ರೆ? ನಿಮ್ಮನ್ನ ನೋಡ್ಕೊಂಡು ಬಂದ ದಿನಾನೇ ನಾನು ಹೇಳಿದ್ದೆ" ಎಂದು ಮಗ್ಗುಲು ತಿರುಗಿದರು. ಹೆಂಡತಿ ಹಲ್ಲಿನಿಂದ ದಾರ ಕಡಿದು ಮತ್ತೆ ಯಂತ್ರ ತುಳಿದಳು. ಅವಳ ತಲೆಯಲ್ಲಿ ಆಗ ಬೇರೆಯದೇ ಓಡುತ್ತಿತ್ತು.

ಅವಳು ಹೊಲಿಗೆಯವಳು. ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿಯ ಪರದೆ, ಹಳೆ ಕೋಟು ಬಿಚ್ಚಿ ಸಣ್ಣದು ಮಾಡುವುದು, ಎಲ್ಲ ಅವಳ ಕೈಯಲ್ಲಿ ನೀಟಾಗಿ ಬರುತ್ತದೆ. ಆದರೆ ಯಂತ್ರ ಇರುವುದು ನಡುಮನೆಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ. ಅಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕು. ನೀರು ಕುಡಿಯಲು ಹೋಗುವವರೆಲ್ಲ ಅವಳ ಮೊಣಕೈ ಸರಿಸಿಯೇ ಹೋಗಬೇಕು. (ಕಿಟಕಿ ಇರುವ ಕೋಣೆಯಲ್ಲಿ ನನ್ನ ನಿಘಂಟುಗಳಿವೆ. ಅವು ಅಲ್ಲಿಗೆ ಹೇಗೆ ಬಂದವು ಎಂದು ಕೇಳಬೇಡಿ, ಬಂದವು.) ಹೀಗಿರುವಾಗ ನಗರಸಭೆಯವರು ಬಸ್ ನಿಲ್ದಾಣದ ಪಕ್ಕ ಒಂಬತ್ತು ಮಳಿಗೆ ಕಟ್ಟಿಸಿದರು. ಅದರಲ್ಲಿ ಏಳನೆಯದನ್ನು ಕೈಕಸುಬಿನ ಹೆಂಗಸರಿಗೆಂದು ಇಟ್ಟಿದ್ದರು. ಆ ಮಳಿಗೆಗೆ ಬೀದಿಯ ಕಡೆ ದೊಡ್ಡ ಕಿಟಕಿ. ಹಗಲು ಬೆಳಕಿನಲ್ಲಿ ಕೂತು ಸೂಜಿಗೆ ದಾರ ಪೋಣಿಸಬೇಕು, ನನಗೆ ಇನ್ನೇನೂ ಬೇಡ ಎಂದು ಅವಳು ಹೇಳಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅರ್ಜಿ ತಂದಳು. ಮೂರು ಸಂಜೆ ಕೂತು, ಗೀಟು ಹೊಡೆದುಕೊಂಡು, ಮುತ್ತು ಪೋಣಿಸಿದ ಹಾಗೆ ತುಂಬಿದಳು. ಮೂರೂ ಸಂಜೆ ನನ್ನ ಬಳಿ ತಂದು, ಒಂದು ಸಲ ನೋಡಿಕೊಡಿ, ತಪ್ಪಿದ್ದರೆ ಹೇಳಿ, ಬೇರೆ ನಮೂನೆ ಇದೆ, ಅದರಲ್ಲಿ ಬರೆಯುತ್ತೇನೆ ಎಂದಳು. ಮೂರೂ ಸಂಜೆ ನಾನು ಶೂನ್ಯತೆಯಲ್ಲಿ ಮುಳುಗಿದ್ದೆ. 'ಹೂಂ, ನೋಡೋಣ' ಎಂದೆ. ನನ್ನ ಆಯುಸ್ಸಿನಲ್ಲಿ ಯಾವ ಮೂರು ಸಂಜೆ ವಾಪಸು ಬೇಕು ಎಂದು ಯಾರಾದರೂ ಕೇಳಿದರೆ ಈಗ ಯೋಚನೆ ಮಾಡದೆ ಹೇಳಿಬಿಡುತ್ತೇನೆ.

ಕೊನೆಯ ದಿನ ಅವಳಿಗೆ ಸಮವಸ್ತ್ರ ಒಪ್ಪಿಸುವ ಗಡಿಬಿಡಿ. ನಗರಸಭೆ ನಮ್ಮ ಅಚ್ಚುಕೂಟದ ಎದುರು ಬೀದಿಯಲ್ಲೇ ಇದ್ದುದರಿಂದ ಲಕೋಟೆಯನ್ನು ನನ್ನ ಕೈಗೆ ಕೊಟ್ಟಳು. ಕೌಂಟರಿನಲ್ಲಿ ಕೊಡಿ, ರಸೀದಿ ಇಸ್ಕೊಳ್ಳಿ, ಬೇರೆ ಏನೂ ಮಾಡಬೇಡಿ ಎಂದು ಎರಡು ಸಲ ಹೇಳಿದಳು.

ಸರತಿಯ ಸಾಲಿನಲ್ಲಿ ನನ್ನ ಮುಂದೆ ಇಪ್ಪತ್ತು ಜನ. ಎಷ್ಟು ಹೊತ್ತು ಅಂತ ಗೋಡೆ ನೋಡುವುದು? ಲಕೋಟೆ ಅಂಟಿಸಿರಲಿಲ್ಲ. ತೆಗೆದು ನೋಡಿದೆ. ಆರನೇ ಸಾಲಿನಲ್ಲಿ 'ಹದಿನೇಳು ವರ್ಷಗಳ ಅನುಬವ' ಎಂದಿತ್ತು. ಬಕಾರದ ಹೊಟ್ಟೆ ಸೀಳಿದರೆ ಭಕಾರ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ, ಅವಳು ಸೀಳಿರಲಿಲ್ಲ. ಅದೊಂದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಕೆಂಪು ಪೆನ್ನು ತೆಗೆದು ಒಂದು ಸಣ್ಣ ಗೀಟು ಎಳೆದೆ, ಅಷ್ಟೇ. ಅಂಚಿನಲ್ಲಿ ಅಭ್ಯಾಸಬಲದಿಂದ ಒಂದು ಗುರುತು. ಆಮೇಲೆ 'ವಿದ್ಯಾಬ್ಯಾಸ' ಕಣ್ಣಿಗೆ ಬಿತ್ತು. ಅದರ ಕೆಳಗೆ ಒಂದು ಅಲ್ಪವಿರಾಮ ಬೇಕೆನಿಸಿತು. ಅದಕ್ಕೂ ಕೆಳಗೆ ವಾಕ್ಯವನ್ನು ಇನ್ನೂ ಬಿಗಿ ಮಾಡಬಹುದಿತ್ತು, ಮಾಡಿದೆ. ಕೌಂಟರಿನ ಮುಂದೆ ಬಂದಾಗ ಐದಕ್ಕೆ ಹತ್ತು ನಿಮಿಷ. ಗುಮಾಸ್ತ ಹಾಳೆ ಬಿಡಿಸಿ ನೋಡಿ ನನ್ನ ಮುಖ ನೋಡಿದ.

"ಇದು ಅರ್ಜಿನಾ, ಪರೀಕ್ಷೆ ಪೇಪರಾ? ಎಷ್ಟು ಮಾರ್ಕ್ಸ್ ಕೊಟ್ರಿ?"

ಆಮೇಲೆ ಹಾಳೆಯ ಕೆಳಗೆ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದ. ತಿದ್ದಿದ, ಹೊಡೆದುಹಾಕಿದ ಗುರುತುಗಳಿರುವ ಅರ್ಜಿ ತಿರಸ್ಕೃತವಾಗುತ್ತದೆ ಎಂದು ಅದರಲ್ಲಿತ್ತು. ಬೇರೆ ನಮೂನೆ ಕೊಡಿ ಎಂದು ಕೈಮುಗಿದು ಕೇಳಬೇಕಾದ ಹೊತ್ತು ಅದು. ನಾನು ಏನು ಮಾಡಿದೆ ಗೊತ್ತೆ? ಅಚ್ಚಿನಲ್ಲಿ 'ತಿರಸ್ಕ್ರುತ' ಎಂದು ತಪ್ಪಾಗಿದೆ, ನೋಡಿ ಎಂದು ಅವನಿಗೆ ತೋರಿಸಿದೆ. ಅವನು ಅರ್ಜಿಯನ್ನು ವಾಪಸು ನೂಕಿ ಕಿಟಕಿ ಎಳೆದುಕೊಂಡ. ಒಂದು ಮಹಾಪ್ರಾಣ ಉಳಿಸಲು ಹೋಗಿ ನನ್ನ ಅಲ್ಪಪ್ರಾಣಕ್ಕೆ ಕುತ್ತು ತಂದುಕೊಂಡೆ.

ಅರ್ಜಿ ಹಿಡಿದುಕೊಂಡು ಮನೆಗೆ ಬಂದೆ. ಬಾಗಿಲು ತೆಗೆದವಳು ರಸೀದಿಗೆ ಕೈ ಚಾಚಿದಳು. ಕತ್ತಿನಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು. ಆ ಕೈ ನೋಡಿದ ಕೂಡಲೇ ನನಗೆ ಧೈರ್ಯ ಹೋಯಿತು, ಎಂಟನೇ ಅಧ್ಯಾಯ ಬಂತು.

"ಅರ್ಜಿ ವಾಪಸ್ ಆಯ್ತು" ಎಂದೆ.

ಅವಳು ಹಾಳೆ ಇಸಿದುಕೊಂಡು ದೀಪದ ಕೆಳಗೆ ಹಿಡಿದಳು. ತುಂಬ ಹೊತ್ತು ನೋಡಿದಳು. "ಯಾರು ತಿದ್ದಿದ್ದು?" ಎಂದು ಕೇಳಿದಳು.

"ತಿದ್ದುಪಡಿ ಆಯ್ತು" ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. ಸರತಿಯ ಸಾಲು ಉದ್ದವಿಲ್ಲದಿದ್ದರೆ ಲಕೋಟೆ ತೆರೆಯುವ ಪ್ರಸಂಗ ಬರುತ್ತಿರಲಿಲ್ಲ ಎಂದೆ. ಲಕೋಟೆಗೆ ಅಂಟು ಹಾಕಿದ್ದರೂ ಬರುತ್ತಿರಲಿಲ್ಲ ಎಂದೆ. ಪೆನ್ನು ಮಾಡಿದವನು, ಶಾಯಿ ಕಲಸಿದವನು, ಅರ್ಜಿಗೆ ಅಷ್ಟು ಧಾರಾಳವಾಗಿ ಅಂಚು ಬಿಟ್ಟವನು, ಎಲ್ಲರನ್ನೂ ಕರೆದು ತಂದೆ. ಯಾವುದೂ ಒಬ್ಬನಿಂದ ಆಗುವುದಲ್ಲ, ನಾನು ಎಂಬುವನೇ ವಿಚಾರ ಮಾಡಿದರೆ ಇಲ್ಲ ಎಂದೆ. ಕೊನೆಗೆ, ಈ ನಾಲಿಗೆಗೆ ಏನು ಬಂದಿತ್ತೋ, ಇದನ್ನೂ ಹೇಳಿದೆ:

"ನೀನು ಆ ಒಂದಕ್ಷರ ಸರಿಯಾಗಿ ಬರೆದಿದ್ರೆ ನನ್ನ ಪೆನ್ನು ಜೇಬಿಂದ ಏಳ್ತಾನೇ ಇರ್ಲಿಲ್ಲ."

"ಮೂರು ದಿನ ತೋರಿಸಿದ್ನಲ್ಲ" ಎಂದಳು. ಜಗಳದ ದನಿಯಲ್ಲಿ ಅಲ್ಲ. ನಾಳೆ ಹಾಲು ಬೇಕು ಎಂದು ಹೇಳುವ ದನಿಯಲ್ಲಿ. ಹಾಳೆಯನ್ನು ಮಡಿಸಿ ಯಂತ್ರದ ಖಾನೆಯಲ್ಲಿಟ್ಟು ಅಡುಗೆಮನೆಗೆ ಹೋದಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅತ್ತೆ ಮಾತ್ರ ಮಂಚದಿಂದ, ಇಲ್ಲದವನಿಗೆ ಊಟ ಬಡಿಸಬೇಕೋ ಬೇಡವೋ ಎಂದು ಮಗಳನ್ನು ವಿಚಾರಿಸಿದರು. ಅವಳು ಬಡಿಸಿದಳು. ಎಂದಿನಂತೆಯೇ ಬಡಿಸಿದಳು.

ಮಾರನೆಯ ದಿನ ಅವಳು ಬೆಳಿಗ್ಗೆ ಎಲ್ಲಿಗೋ ಹೋಗಿ ಬಂದಳು. ಸಂಜೆ ನನ್ನ ಮುಂದೆ ಒಂದು ಬಿಳಿ ಹಾಳೆ, ನೀಲಿ ಪೆನ್ನು ಇಟ್ಟಳು. 'ಈ ಅರ್ಜಿಯನ್ನು ನಾನು ತಿದ್ದಿದೆ' ಎಂದು ಬರೆದು ಸಹಿ ಹಾಕಿಕೊಡಿ, ಒಂದೇ ಗೆರೆ ಸಾಕು ಎಂದಳು. ಅಲ್ಲಿ ಅವರು ಹೇಳಿದರು ಎಂದು ಏನೋ ಶುರು ಮಾಡಿದಳು. ಯಾರು ಏನು ಹೇಳಿದರೂ ಅಷ್ಟೇ ಎಂದು ನಾನು ಅಡ್ಡಬಾಯಿ ಹಾಕಿದೆ. ನನಗೆ ಅನುಮಾನ. ಇದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾಳೆ, ಬಂದವರಿಗೆಲ್ಲ ಅತ್ತೆ ಓದಿ ಹೇಳುತ್ತಾರೆ, ಇಪ್ಪತ್ತಮೂರು ವರ್ಷದ ಬಾಕಿ ಒಂದೇ ಗೆರೆಯಲ್ಲಿ ತೀರಿಸಿಕೊಳ್ಳುವ ಹುನ್ನಾರ ಎಂದುಕೊಂಡೆ. ಒಂದು ಗೆರೆ ಏನು, ಒಂದು ಪುಟವೇ ಬರೆದುಕೊಡುತ್ತೇನೆ ಎಂದು ಕೂತೆ. ಬರೆದದ್ದು ಇನ್ನೂ ಬಾಯಿಗೆ ಬರುತ್ತದೆ: 'ಸರತಿಯ ಸಾಲಿನ ದೀರ್ಘತೆ, ಕೆಂಪು ಶಾಯಿಯ ಲಭ್ಯತೆ, ಬಕಾರದ ಸೀಳದ ಉದರ, ಮೂರನೇ ತರಗತಿಯ ಉಪಾಧ್ಯಾಯಿನಿಯ ಔದಾಸೀನ್ಯ ಹಾಗೂ ಅಂಚಿನ ಖಾಲಿ ಸ್ಥಳ, ಇವೆಲ್ಲವನ್ನೂ ಅವಲಂಬಿಸಿ ಸದರಿ ಅರ್ಜಿಯಲ್ಲಿ ತಿದ್ದುಪಡಿಗಳು ಉಂಟಾಗಿರುತ್ತವೆ.' ಕೆಳಗೆ ಸಹಿ. ಒಂದು ಅಕ್ಷರ ತಪ್ಪಿಲ್ಲ, ಬೇಕಾದರೆ ಹುಡುಕಿ.

ಅವಳು ಎರಡು ಸಲ ಓದಿದಳು. "ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದಳು.

"ಅದೇ ವಿಷಯ" ಎಂದು ಹೆಮ್ಮೆಯಿಂದ ಹೇಳಿದೆ.

ಆ ವಾರದಲ್ಲಿ ಇನ್ನೂ ಎರಡು ಸಲ ಆ ಒಂದು ಗೆರೆ ಕೇಳಿದಳು. ಎರಡು ಸಲವೂ ನಾನು ಹಿಂದಿನ ಪುಟದ ಸೊಬಗನ್ನೇ ಹೊಗಳಿಕೊಂಡೆ. ಆರನೆಯ ದಿನ ಆ ಪುಟವನ್ನೇ ಚೀಲದಲ್ಲಿಟ್ಟುಕೊಂಡು ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಎಂಟನೆಯ ದಿನ ಕೊನೆಯ ಕರಡು ತೋರಿಸಲು ಮೇಷ್ಟ್ರ ಮನೆಗೆ ಹೋದೆ. ಸಣ್ಣ ಕೋಣೆ, ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ಅವರು ಟ್ರಂಕಿನ ಮೇಲೆ ಕೂತರು. ತಮ್ಮ ಪುಸ್ತಕ ಅಚ್ಚಾಗುವ ಮೊದಲೇ ಒಬ್ಬ ಗೃಹಸ್ಥ ಅದನ್ನು ಆಚರಣೆಗೆ ತಂದಿದ್ದಾನೆ ಎಂದು ಕೇಳಿದರೆ ಮುದುಕರಿಗೆ ಸಂತೋಷವಾದೀತೆಂದು ನಡೆದದ್ದನ್ನೆಲ್ಲ ಹೇಳಿದೆ, ನನ್ನ ಪುಟವನ್ನೂ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಬೆರಳು ಮಡಿಸುತ್ತ ಕೇಳಿದರು. ಸಾಲು, ಶಾಯಿ, ಬಕಾರ, ಉಪಾಧ್ಯಾಯಿನಿ, ಅಂಚು. ಐದು ಬೆರಳು ಮುಗಿದವು.

"ಪಟ್ಟಿ ಸರಿಯಾಗಿದೆ. ಒಂದು ಬಿಟ್ಟುಹೋಗಿದೆ" ಎಂದರು. "ಬಿಟ್ಟುಹೋದ ಪದಕ್ಕೆ ನಿಮ್ಮಲ್ಲಿ ಒಂದು ಗುರುತು ಹಾಕ್ತೀರಲ್ಲ, ಏನದು?"

"ಹಂಸಪಾದ."

"ಹಂಸಪಾದ ಹಾಕಿ, ಅಲ್ಲಿ 'ನಾನು' ಅಂತ ಬರೀರಿ."

ನಾನು ಎಂಬುದು ಶೂನ್ಯವೆಂದು ತಾವೇ ಎಂಟನೇ ಅಧ್ಯಾಯದಲ್ಲಿ ಬರೆದಿದ್ದೀರಿ ಎಂದು ತೊದಲಿದೆ. ಮೇಷ್ಟ್ರು ನಗಲಿಲ್ಲ.

"ಶೂನ್ಯ ಅಂದ್ರೆ ರಜೆ ಅಲ್ಲ. ಸಾಲೂ ಶೂನ್ಯ, ಶಾಯೀನೂ ಶೂನ್ಯ. ಅವುಗಳ ಹೆಸರು ಬರೆದಿರಿ. ನಿಮ್ಮ ಹೆಸರು ಮಾತ್ರ ಯಾಕೆ ಬಿಟ್ಟಿರಿ? ಎಲ್ಲಾ ಒಂದನ್ನೊಂದು ಆತ್ಕೊಂಡಿದೆ ಅಂದ್ರೆ, ಆಕೆಯ ಕಿಟಕಿ ನಿಮ್ಮ ಪೆನ್ನಿನ ಒಂದು ಗೀಟನ್ನ ಆತ್ಕೊಂಡಿತ್ತು ಅಂತ ಅರ್ಥ. ಅದನ್ನ ತಿಳಿದವನಿಗೆ ಭಾರ ಹೆಚ್ಚಾಗಬೇಕು. ನಿಮಗೆ ಹೇಗೆ ಕಡಿಮೆ ಆಯ್ತು?"

ಮೂರು ಸಲ ಓದಿ, ಪ್ರತಿ ಅಕ್ಷರ ತಿದ್ದಿದ ಪುಸ್ತಕದಲ್ಲಿ ಇಷ್ಟು ದೊಡ್ಡ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿಂದ ಎದ್ದು ಬಂದೆ. ಹೆಂಡತಿಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಅಭ್ಯಾಸ ಮಾಡಿದೆ. 'ತಪ್ಪಾಯ್ತು' ಎಂದುಕೊಂಡೆ, ಅದರಲ್ಲಿಯೂ ನಾನಿಲ್ಲ, ತಪ್ಪು ತಾನಾಗಿ ಬಂದು ಆಗಿಹೋಗಿದೆ. 'ಕ್ಷಮಿಸು' ಎಂದುಕೊಂಡೆ, ಅದರಲ್ಲಿ ಕೆಲಸವೆಲ್ಲ ಅವಳಿಗೇ. ಕೊನೆಗೆ ಎರಡೇ ಪದ ಉಳಿದವು. ಪಕ್ಕದಲ್ಲಿ ಕೂತಿದ್ದವರು ನಾನು ಗೊಣಗುವುದನ್ನು ಕೇಳಿ ಬೇರೆ ಸೀಟಿಗೆ ಹೋದರು.

ಮನೆಗೆ ಬಂದಾಗ ಅವಳು ಯಂತ್ರದ ಮುಂದೆ ಇದ್ದಳು. ಚಪ್ಪಲಿ ಕಳಚುವುದನ್ನೂ ಮರೆತು, ಅಲ್ಲ, ಕಳಚದೆ, ಅವಳ ಎದುರು ನಿಂತೆ.

"ನಾನು ತಿದ್ದಿದೆ" ಎಂದೆ. "ಅರ್ಜಿ ಕೆಡಿಸಿದ್ದು ನಾನು. ನೀನು ಮೂರು ದಿನ ಕೇಳಿದೆ, ನಾನು ನೋಡಲಿಲ್ಲ. ಆಮೇಲೆ ನಿನ್ನ ಮೇಲೇ ಹಾಕಿದೆ."

ಯಂತ್ರ ನಿಂತಿತು. ಮಂಚದ ಮೇಲೆ ಅತ್ತೆ ಎದ್ದು ಕೂತರು. ನನ್ನ ಹೆಂಡತಿಯ ಮುಖದಲ್ಲಿ ಏನೋ ಸಡಿಲವಾದದ್ದನ್ನು ನೋಡಿದೆ. ಮರುಕ್ಷಣವೇ ಅದು ಬಿಗಿಯಾಯಿತು. ಖಾನೆಯಿಂದ ಒಂದು ಹಾಳೆ ತೆಗೆದು ಕೊಟ್ಟಳು. ನನ್ನದೇ ಪುಟ. ಅದರ ಮೂಲೆಯಲ್ಲಿ ನಗರಸಭೆಯ ಮೊಹರು, ಅದರ ಪಕ್ಕ ಎರಡು ಸಾಲು: 'ತಿದ್ದಿದವರು ಯಾರೆಂಬುದು ಈ ಹೇಳಿಕೆಯಿಂದ ತಿಳಿದುಬರುವುದಿಲ್ಲವಾದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.'

ಆಗ ವಿಷಯ ಹೊರಬಿತ್ತು. ಮೊದಲ ದಿನ ಅವಳು ಹೋದದ್ದು ನಗರಸಭೆಗೆ. ಅಲ್ಲಿಯ ಅಧಿಕಾರಿಣಿ ಒಳ್ಳೆಯವರು. ಈ ಕೆಂಪು ತಿದ್ದುಪಡಿ ನಿಮ್ಮ ಕೈಬರಹವಲ್ಲ, ತಿದ್ದಿದವರು 'ನಾನು ತಿದ್ದಿದೆ' ಎಂದು ಒಂದು ಗೆರೆ ಬರೆದು ಸಹಿ ಹಾಕಿಕೊಡಲಿ, ವಾರದೊಳಗೆ ತಂದುಕೊಟ್ಟರೆ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಿದ್ದರಂತೆ.

"ನಿನ್ನೆ ಐದು ಗಂಟೆವರೆಗೂ ಟೈಮ್ ಇತ್ತು" ಎಂದಳು.

ನಾನು ಆ ಮೊಹರಿನ ಸಾಲನ್ನೇ ನೋಡುತ್ತ ನಿಂತೆ. 'ತಿರಸ್ಕರಿಸಲಾಗಿದೆ' ಎಂದಿತ್ತು, ಯಾರು ತಿರಸ್ಕರಿಸಿದರು ಎಂದು ಅದರಲ್ಲಿಯೂ ಇರಲಿಲ್ಲ. ಇಡೀ ನಗರಸಭೆ ನನ್ನ ವ್ಯಾಕರಣದಲ್ಲಿಯೇ ನಡೆಯುತ್ತಿದೆ. ಬೇರೆ ದಿನವಾಗಿದ್ದರೆ ಇದನ್ನು ಅವಳಿಗೆ ತೋರಿಸಿ ನಗುತ್ತಿದ್ದೆ. ಅವತ್ತು, ಮೊದಲ ಬಾರಿಗೆ, ಬರೆದದ್ದರ ಬಗ್ಗೆ ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಗರಸಭೆಗೆ ಹೋಗಿ, ಅಚ್ಚುಕಟ್ಟಾಗಿ ಬರೆದ ಒಂದು ಗೆರೆಯನ್ನು ಅಧಿಕಾರಿಣಿಯ ಮುಂದಿಟ್ಟೆ. ತುಂಬ ಸ್ಪಷ್ಟವಾಗಿದೆ ಎಂದು ಅವರು ಮೆಚ್ಚಿಕೊಂಡರು. ಏಳನೇ ಮಳಿಗೆ ಗಡಿಯಾರ ರಿಪೇರಿ ಮಾಡುವ ಹೆಂಗಸೊಬ್ಬರಿಗೆ ಹೋಗಿತ್ತು.

ಅವತ್ತೇ ನಿಘಂಟುಗಳನ್ನು ಹೊತ್ತು ಓಣಿಗೆ ತಂದು, ಯಂತ್ರವನ್ನು ನನ್ನ ಕೋಣೆಯ ಕಿಟಕಿಗೆ ಸಾಗಿಸಿದೆ. ಆ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ. ಅವಳು ಬೇಡ ಎನ್ನಲಿಲ್ಲ, ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ.

ಕಳೆದ ವಾರ ಗಡಿಯಾರದ ಹೆಂಗಸು ನಮ್ಮ ಮನೆಗೆ ಬಂದಿದ್ದರು, ಮಳಿಗೆಗೆ ಒಂದು ಪರದೆ ಹೊಲಿಸಲು. ಬಟ್ಟೆ ಉದ್ದವಾಗಿತ್ತು. ಅವರು ಹೋದ ಮೇಲೆ, ಒಂದು ತುದಿ ಹಿಡಿದುಕೊಳ್ಳಿ ಎಂದು ನನ್ನ ಹೆಂಡತಿ ನನ್ನನ್ನು ಕರೆದಳು. ಆಕೆ ಕಿಟಕಿಯ ಅಳತೆ ಬರೆದುಕೊಟ್ಟು ಹೋದರಾ ಎಂದು ಅತ್ತೆ ಮಂಚದಿಂದ ಮಗಳನ್ನು ಕೇಳಿದರು.

"ಬೇಡಮ್ಮ" ಎಂದಳು ನನ್ನ ಹೆಂಡತಿ, ಕತ್ತರಿಯಿಂದ ತಲೆ ಎತ್ತದೆ. "ಆ ಕಿಟಕಿ ಅಳತೆ ನನಗೆ ಬಾಯಿಪಾಠ."

ಕತ್ತರಿ ಒಂದು ಮೊಳ ಮುಂದೆ ಹೋಯಿತು. ಆಮೇಲೆ ಅವಳೇ, ಬಟ್ಟೆ ಯಾಕೆ ಅಲುಗಾಡ್ತಿದೆ ಎಂದು ಕೇಳಿದಳು. ಗಾಳಿ ಎನ್ನಲು ಬಾಯಿ ತೆರೆದೆ.

"ನಾನು ಅಲುಗಾಡಿಸ್ತಿದ್ದೀನಿ" ಎಂದೆ.

"ಗೊತ್ತು. ನೆಟ್ಟಗೆ ಹಿಡ್ಕೊಳ್ಳಿ" ಎಂದಳು.